ತಮ್ಮ ಹುಷಾರಾಗಿದ್ದಾನೆ, ಇನ್ನೂ ಮಾತ್ರೆ ಬೇಕಾ?

ಪ್ರಶ್ನೆ: ಡಾಕ್ಟ್ರೇ, ನನ್ನ ತಮ್ಮನಿಗೆ 28 ವರ್ಷ. ಮೊದಲು ತಿಂಗಳುಗಟ್ಟಲೆ ಮಂಕಾಗಿ ಮಲಗಿರುತ್ತಿದ್ದ. ಹೋದ ವರ್ಷ ಇದ್ದಕ್ಕಿದ್ದಂತೆ ನಿದ್ದೆಯೇ ಇಲ್ಲ, ಬಿಡುವಿಲ್ಲದ ಮಾತು, ನಡುರಾತ್ರಿ ಅಂಗಳದಲ್ಲಿ ಬೈಕ್ ಬಿಚ್ಚಿ ಹರಡಿಕೊಂಡು ಕೂತಿದ್ದ. ಅಪ್ಪನಿಗೂ ಹೇಳದೆ ಕೋಳಿ ಫಾರಂಗೆ ಅಡ್ವಾನ್ಸ್ ಕೊಟ್ಟು ಬಂದ. ಬೈಪೋಲಾರ್ (ಮನಸ್ಸು ಒಮ್ಮೆ ತೀರಾ ಕುಗ್ಗುವ, ಒಮ್ಮೆ ತೀರಾ ಏರುವ ಕಾಯಿಲೆ) ಅಂತ ಲಿಥಿಯಂ ಮಾತ್ರೆ ಕೊಟ್ಟರು, ಈಗ ಚೆನ್ನಾಗಿದ್ದಾನೆ. ಮಾತ್ರೆ ಬಿಡುತ್ತೇನೆ ಅಂತಾನೆ. ಕಿಡ್ನಿ ಹಾಳಾಗುತ್ತೆ ಅಂತ ಅಮ್ಮನೂ ಅವನ ಕಡೆಯೇ. ಏನು ಮಾಡಲಿ?
– ಒಬ್ಬ ಅಕ್ಕ, ಹಾಸನ ಜಿಲ್ಲೆ

ಉತ್ತರ: ದಯವಿಟ್ಟು ಅವರಾಗಿಯೇ ನಿಲ್ಲಿಸುವುದು ಬೇಡ. ಜ್ವರ ಇಳಿದರೆ ಮಾತ್ರೆ ಬಿಡುತ್ತೇವೆ, ಆದರೆ ಲಿಥಿಯಂ ಕೆಲಸವೇ ಕಾಯಿಲೆ ಮತ್ತೆ ಬರದ ಹಾಗೆ ತಡೆಯುವುದು. ದಿಢೀರನೆ ಬಿಟ್ಟರೆ ಆ ನಿದ್ದೆಗೆಟ್ಟ ರಾತ್ರಿಗಳು ವಾಪಸ್ ಬರುವ ಅಪಾಯ ಜಾಸ್ತಿ. ಕಡಿಮೆ ಮಾಡಲೇಬೇಕಾದರೂ ಡಾಕ್ಟರೇ ವಾರಗಟ್ಟಲೆ ಸಮಯ ತೆಗೆದುಕೊಂಡು ನಿಧಾನವಾಗಿ ಇಳಿಸುತ್ತಾರೆ.

ಅಮ್ಮನ ಭಯ ಸುಮ್ನೆ ಅಲ್ಲ. ವರ್ಷಗಟ್ಟಲೆ ತೆಗೆದುಕೊಂಡಾಗ ಕೆಲವರಿಗೆ ಕಿಡ್ನಿ, ಥೈರಾಯ್ಡ್ ತೊಂದರೆ ಆಗಬಹುದು. ಅದಕ್ಕೇ ಈ ಎರಡನ್ನೂ ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ನೋಡಿಸಬೇಕು, ರಕ್ತದಲ್ಲಿ ಲಿಥಿಯಂ ಎಷ್ಟಿದೆ ಅಂತಲೂ ಡಾಕ್ಟರು ಹೇಳಿದಾಗೆಲ್ಲ ನೋಡಿಸಬೇಕು. ಹೆಚ್ಚಿನವರಿಗೆ ಅದು ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಒಳಗೆ ಇದ್ದರೆ ಸರಿ. ರಾತ್ರಿ ಮಾತ್ರೆ ನುಂಗಿ 12 ತಾಸು ಕಳೆದ ಮೇಲೆ, ಬೆಳಗಿನ ಮಾತ್ರೆ ನುಂಗುವ ಮೊದಲೇ ರಕ್ತ ಕೊಡಲಿ, ಇಲ್ಲದಿದ್ದರೆ ರಿಪೋರ್ಟ್ ತಪ್ಪು ತೋರಿಸುತ್ತದೆ.

ಇನ್ನೊಂದು ವಿಷಯ ಅಮ್ಮನಿಗೆ ಹೇಳಲೇಬೇಕು. ಪಥ್ಯ ಅಂತ ಒಮ್ಮೆಲೇ ಉಪ್ಪು ಬಿಡಿಸಬಾರದು. ಉಪ್ಪು, ನೀರು ಕಡಿಮೆಯಾದರೆ ಕಿಡ್ನಿ ಲಿಥಿಯಂ ಅನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ, ರಕ್ತದಲ್ಲಿ ಅದು ಏರುತ್ತಾ ಹೋಗುತ್ತದೆ. ವಾಂತಿ ಭೇದಿ ಆದಾಗಲೂ ಹೀಗೇ, ತಕ್ಷಣ ಡಾಕ್ಟರಿಗೆ ಫೋನ್ ಮಾಡಿ. ಮೈಕೈ ನೋವಿಗೆ ಮೆಡಿಕಲ್ ಶಾಪಿನಿಂದ ಐಬುಪ್ರೊಫೆನ್, ಡೈಕ್ಲೋಫೆನಾಕ್ ತಂದು ನುಂಗುವುದೂ ಬೇಡ. ಕೈ ಜೋರಾಗಿ ನಡುಗುವುದು, ತೂರಾಡುವುದು, ಮಾತು ತೊದಲುವುದು ಕಂಡರೆ ಮುಂದಿನ ಮಾತ್ರೆ ಕೊಡದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ತಮ್ಮನ ಜೊತೆ ಜಗಳ ಬೇಡ, ಅವನಿಗೂ ಜೀವನವಿಡೀ ಮಾತ್ರೆ ಅಂದರೆ ಬೇಜಾರಾಗುತ್ತದೆ ಅಲ್ವಾ? ಬಾಯಾರಿಕೆಯೋ, ತೂಕ ಏರಿದ್ದೋ, ಏನು ಕಷ್ಟ ಅಂತ ಕೇಳಿ. ಡೋಸ್ ಬದಲಿಸಬಹುದು, ಬೇರೆ ಮಾತ್ರೆಗಳೂ ಇವೆ. ಮತ್ತೆ ಮಂಕಾದರೆ ಖಿನ್ನತೆಯ ಹಳೇ ಮಾತ್ರೆಯನ್ನು ನೀವೇ ಕೊಡಬೇಡಿ, ಅದೊಂದನ್ನೇ ಕೊಟ್ಟರೆ ಕೆಲವರಿಗೆ ಮೇನಿಯಾ, ಅಂದರೆ ಹೋದ ವರ್ಷದಂಥ ಮನಸ್ಸು ಏರಿದ ಸ್ಥಿತಿ ಬರುತ್ತದೆ. ನಿದ್ದೆ ಕಡಿಮೆಯಾಗಿಯೂ ದಣಿವೇ ಇಲ್ಲ ಅಂದರೆ ಮುಂದಿನ ತಾರೀಕಿಗೆ ಕಾಯದೆ ತೋರಿಸಿ. ಸಾಯುವ ಮಾತಾಡಿದರೆ ಒಬ್ಬನನ್ನೇ ಬಿಡಬೇಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ಮನೆಯವರೂ ಮಾಡಬಹುದು.