ಹದಿನೈದು ವರ್ಷ ಆಯಿತು, ಆದೇಶ ಎಲ್ಲಿ?

ಪ್ರಶ್ನೆ: ಸರ್, ನಾನು ಸಿಂಧನೂರು ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. 2009ರ ಜುಲೈನಲ್ಲಿ ಸೇರಿದೆ. 10 ವರ್ಷದ ಕಾಲಮಿತಿ ಬಡ್ತಿ (ಹುದ್ದೆ ಅದೇ, ಇಷ್ಟು ವರ್ಷ ತುಂಬಿದ್ದಕ್ಕೆ ಸಿಗುವ ಮೇಲಿನ ವೇತನ ಶ್ರೇಣಿ) ಆಗಿದೆ. 2024ರಲ್ಲಿ ಆಗಬೇಕಿದ್ದ 15 ವರ್ಷದ್ದು ಇನ್ನೂ ಆಗಿಲ್ಲ. ನನ್ನ ಜೊತೆಗೇ ಸೇರಿದವರಿಗೆ ಆಗಿದೆ. ಕೇಳಿದರೆ "ಅನುದಾನ ಬಂದಿಲ್ಲ" ಅನ್ನುತ್ತಾರೆ. ನಿಜವೇ?

ಉತ್ತರ: ಅಕ್ಕೋರೆ, ಅದು ಅರ್ಧ ಸತ್ಯ. ಈ ಬಡ್ತಿಗೆ ಅಂತ ಸರ್ಕಾರ ಬೇರೆ ಗಂಟು ಕಟ್ಟಿಡುವುದಿಲ್ಲ. ನಿಮ್ಮ ಸಂಬಳ ಬರುವ ಲೆಕ್ಕಶೀರ್ಷಿಕೆಯಲ್ಲೇ, ಅಂದರೆ ಬಜೆಟ್ಟಿನ ಅದೇ ಬಾಬ್ತಿನಲ್ಲೇ ಇದೂ ಬರುತ್ತದೆ. ಅಲ್ಲಿ ದುಡ್ಡು ಕಡಿಮೆ ಬಿದ್ದರೆ ಬಾಕಿ ಬಿಲ್ಲು ತಡವಾಗಬಹುದು, ಸರಿ. ಆದೇಶ ಯಾಕೆ ನಿಲ್ಲಬೇಕು? ಜೊತೆಗಾರರಿಗೆ ಆಗಿದೆ ಅಂದಮೇಲೆ ಖಜಾನೆ ಬಿಟ್ಟು ಆಫೀಸಿನ ಬೀರುವಿನಲ್ಲಿ ಹುಡುಕಬೇಕು.

ನಾನೂ ಮಾನ್ವಿ, ಲಿಂಗಸುಗೂರು ಕಡೆ ಮೂವತ್ತೆರಡು ವರ್ಷ ಮೇಷ್ಟ್ರಾಗಿದ್ದವನು. ನನ್ನ 15 ವರ್ಷದ ಬಡ್ತಿ ಹದಿನಾಲ್ಕು ತಿಂಗಳು ನಿಂತಿತ್ತು. ಒಂದು ಮಧ್ಯಾಹ್ನ ವಿಷಯ ನಿರ್ವಾಹಕರ (ಕಡತ ನೋಡುವ ಗುಮಾಸ್ತರ) ಪಕ್ಕ ಕುಳಿತು, ನೌಕರಿಯ ಪೂರ್ತಿ ದಾಖಲೆ ಇರುವ ಸೇವಾ ಪುಸ್ತಕ ತೆಗೆಸಿದೆ. ಲಾಡಿ ಬಿಚ್ಚಿದ ಕೂಡಲೇ ಎರಡು ಹಾಳೆ ಕೈಗೇ ಬಂದವು. ಒಂದು ವರ್ಷದ ಸೇವಾ ದೃಢೀಕರಣಕ್ಕೆ, ಅಂದರೆ ಆ ವರ್ಷ ಕೆಲಸ ಮಾಡಿದ್ದು ಹೌದು ಅನ್ನುವ ನಮೂದಿಗೆ, ಸಹಿಯೇ ಇಲ್ಲ! ಹಾಕಬೇಕಾದವರು ನಿವೃತ್ತರಾಗಿ ಊರು ಸೇರಿದ್ದರು. ಹಳೇ ಸಂಬಳದ ಪಟ್ಟಿ ಹುಡುಕಿ, ಅದನ್ನು ತೋರಿಸಿ ಈಗಿನವರ ಸಹಿ ಮಾಡಿಸಿದೆವು. ವಾರದೊಳಗೆ ಆದೇಶ ಬಂತು.

ನೀವೂ ಸುಮ್ನೆ ಫೋನ್ ಮಾಡುತ್ತಾ ಕೂರಬೇಡಿ, ಹೋಗಿ ಪುಸ್ತಕ ನೋಡಿ. ಸಂಬಳವಿಲ್ಲದ ರಜೆ ಹಾಕಿದ್ದರೆ ಕಾರಣ ಏನಂತ ನಮೂದಾಗಿದೆ ಗಮನಿಸಿ, ಅದರಿಂದ 15 ವರ್ಷ ತುಂಬುವ ತಾರೀಖು ಮುಂದೆ ಹೋಗಬಹುದು. ಮೇಲಿನ ಹುದ್ದೆಗೆ ಬಡ್ತಿ ಕೊಟ್ಟಾಗ ಬೇಡ ಅಂದಿದ್ದರೂ ತೊಡಕು. ಪುಸ್ತಕ ತೋರಿಸದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ನಕಲು ಕೇಳಿ. 30 ದಿನದಲ್ಲಿ ಉತ್ತರ ಕೊಡಲೇಬೇಕು.

ಇನ್ನೊಂದು ಮಾತು. ರಾಜ್ಯದ 7ನೇ ವೇತನ ಆಯೋಗದ ಹೊಸ ವೇತನ ಕೈಗೆ ಬಂದದ್ದು 2024ರ ಆಗಸ್ಟ್ 1ರಿಂದ. ಆದರೆ ಕಾಗದದ ಮೇಲಿನ ನಿಗದಿ 2022ರ ಜುಲೈ 1ರಿಂದಲೇ. ನಿಮ್ಮ 15 ವರ್ಷ ಇವೆರಡರ ನಡುವೆ ತುಂಬಿದೆ. ಆದೇಶ ಬಂದಮೇಲೆ ವೇತನವನ್ನು ಮತ್ತೆ ನಿಗದಿ ಮಾಡಿಸಿ. ಇಲ್ಲಿ ತಪ್ಪಿದರೆ ಮುಂದೆ 20, 25, 30 ವರ್ಷದ ಹೆಚ್ಚುವರಿ ವೇತನ ಬಡ್ತಿಗಳ ಲೆಕ್ಕಕ್ಕೂ ಅದೇ ತಪ್ಪು ಅಂಟಿಕೊಳ್ಳುತ್ತದೆ.

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಅನುದಾನಿತ ಪ್ರೌಢಶಾಲೆಯ ಶಿಕ್ಷಕ. ಸೇರಿ ಆರು ವರ್ಷದ ಮೇಲೆ ಶಾಲೆಗೆ ಅನುದಾನ ಬಂತು. ಆ ಆರು ವರ್ಷ ಲೆಕ್ಕಕ್ಕೆ ಬರುತ್ತದೆಯೇ?

ಉತ್ತರ: ಇಲ್ಲ ಮೇಷ್ಟ್ರೇ. ಖಾಸಗಿ ಅನುದಾನಿತ ಶಿಕ್ಷಣ ಸಂಸ್ಥೆಗಳ ನೌಕರರ ವೇತನ, ಪಿಂಚಣಿ ಕುರಿತ ರಾಜ್ಯದ 2014ರ ಕಾಯ್ದೆ ಅದನ್ನು ಬಿಟ್ಟುಬಿಟ್ಟಿದೆ. ಪಾಠ ಮಾಡಿದ್ದು ನಿಜ, ಸೀಮೆಸುಣ್ಣ ಸವೆಸಿದ್ದು ನಿಜ. ನನಗೂ ಇದು ಅನ್ಯಾಯ ಅಂತಲೇ ಅನಿಸುತ್ತದೆ. ಆದರೆ ವೇತನಕ್ಕೂ ಪಿಂಚಣಿಗೂ ಅನುದಾನಕ್ಕೆ ಒಳಪಟ್ಟ ದಿನದಿಂದಲೇ ಲೆಕ್ಕ. ಆ ದಿನಾಂಕದ ಆದೇಶದ ಪ್ರತಿ ನಿಮ್ಮ ಹತ್ತಿರವೂ ಒಂದು ಇರಲಿ. ಆಡಳಿತ ಮಂಡಳಿಯ ಕಪಾಟನ್ನು ನಂಬಬೇಡಿ.