ಡಿಜಿಟಲ್ ಮಾಧ್ಯಮ ಪದವಿಗೆ ವಿಜ್ಞಾನ ವಿಭಾಗ ಕಡ್ಡಾಯವೇ?

ತೀರ್ಥಹಳ್ಳಿಯಲ್ಲಿ ವಾಣಿಜ್ಯ ವಿಭಾಗದಲ್ಲಿ ಪಿಯುಸಿ ಮುಗಿಸಿರುವ ನಿಮ್ಮ ಮಗಳು ಗಣಿತ ಓದದೆಯೇ ಡಿಜಿಟಲ್ ಮಾಧ್ಯಮ ಪದವಿಗೆ ಸೇರಬಹುದೇ ಎಂದು ಕೇಳಿದ್ದೀರಿ. ಖಂಡಿತ ಸೇರಬಹುದು. ಪತ್ರಿಕೋದ್ಯಮ ವಿಷಯವಿರುವ ಬಿ.ಎ. ಪದವಿಗೆ ಯಾವುದೇ ವಿಭಾಗದಲ್ಲಿ ಪಿಯುಸಿ ತೇರ್ಗಡೆಯಾಗಿದ್ದರೂ ಸಾಕು. ಮುಂದೆ ಸ್ನಾತಕೋತ್ತರ ಓದಿಗೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿಯೇ ಪತ್ರಿಕೋದ್ಯಮ ವಿಭಾಗವಿದೆ. ಅವರ ಒಲವು ಅನಿಮೇಷನ್, ಗ್ರಾಫಿಕ್ಸ್‌ಗಳ ಕಡೆಗಿದ್ದರೆ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಬಿ.ಡೆಸ್. ಕೋರ್ಸಿಗೂ ವಿಭಾಗದ ನಿರ್ಬಂಧವಿಲ್ಲ, ಆದರೆ ಅಲ್ಲಿ ಎರಡು ಹಂತಗಳ ಪ್ರವೇಶ ಪರೀಕ್ಷೆಯನ್ನು ಎದುರಿಸಬೇಕು. ಕಾಲೇಜನ್ನು ಆರಿಸುವಾಗ ಹೆಸರಿಗೆ ಮರುಳಾಗದೆ, ವಿಡಿಯೊ ಸಂಕಲನ, ಧ್ವನಿಮುದ್ರಣ, ಮಾಧ್ಯಮ ಕಾನೂನುಗಳು ಪಠ್ಯಕ್ರಮದಲ್ಲಿವೆಯೇ, ಇಂಟರ್ನ್‌ಶಿಪ್ ಉಂಟೇ ಎಂಬುದನ್ನು ದಯವಿಟ್ಟು ಖುದ್ದಾಗಿ ವಿಚಾರಿಸಿ. ಅದಕ್ಕೂ ಮೊದಲೇ ಮಗಳು ಊರಿನ ಅಡಿಕೆ ಕೊಯ್ಲಿನಂಥ ವಿಷಯವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ತಾವೇ ಸಂಕಲಿಸಿ ಇಟ್ಟುಕೊಳ್ಳಲಿ. ಸಂದರ್ಶನಗಳಲ್ಲಿ ಇಂಥ ಸ್ವಂತ ಕೆಲಸಕ್ಕೆ ಹೆಚ್ಚಿನ ಬೆಲೆಯಿದೆ.