ಆ ಕಬ್ಬಿಣದಲ್ಲಿ ಏನನ್ನು ನೋಡಬೇಕು?

ಮರ, ಲೋಹ ಎರಡರಲ್ಲೂ ಕೆಲಸ ಮಾಡಿದ ಆಧುನಿಕ ಶಿಲ್ಪಿಯೊಬ್ಬರ ಬಗ್ಗೆ ಹೇಳಿ ಅಂತ ಕೇಳಿದ್ದೀರಿ. ಅಂಥ ಶಿಲ್ಪದ ಮುಂದೆ ನಿಂತರೆ ಕಬ್ಬಿಣದ ತುಂಡಷ್ಟೇ ಕಾಣುತ್ತದೆ, ಏನು ನೋಡಬೇಕೋ ತಿಳಿಯುವುದಿಲ್ಲ ಅಂತಲೂ ಬರೆದಿದ್ದೀರಿ. ನನಗೆ ಮೊದಲು ನೆನಪಾಗುವ ಹೆಸರು ಸ್ಪೇನಿನ ಬಾಸ್ಕ್ ನಾಡಿನ ಎಡ್ವಾರ್ಡೊ ಚಿಲಿಡಾ. ನನ್ನದು ಪೀಣ್ಯದಲ್ಲಿ ಒಂದು ಫ್ಯಾಬ್ರಿಕೇಶನ್ ಶೆಡ್. ಅಪ್ಪ ಊರಲ್ಲಿ ಕುಲುಮೆ ಇಟ್ಟಿದ್ದವರು. ಹಾಗಾಗಿ ಕಬ್ಬಿಣ ಬಲ್ಲವನ ಕಣ್ಣಿಗೆ ಕಂಡಂತೆ ಹೇಳುತ್ತೇನೆ.

ಚಿಲಿಡಾ ಹುಟ್ಟಿದ್ದು 1924ರಲ್ಲಿ, ಸಾನ್ ಸೆಬಾಸ್ಟಿಯನ್ ಎಂಬ ಕಡಲೂರಿನಲ್ಲಿ. ಹರೆಯದಲ್ಲಿ ಅಲ್ಲಿನ ರಿಯಲ್ ಸೊಸಿಯೆದಾದ್ ಎಂಬ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಮಂಡಿಗೆ ಪೆಟ್ಟು ಬಿದ್ದು ಆಟ ನಿಂತಿತು. ಮ್ಯಾಡ್ರಿಡ್‌ನಲ್ಲಿ ಆರ್ಕಿಟೆಕ್ಚರ್ ಓದಲು ಸೇರಿ ಅರ್ಧಕ್ಕೆ ಬಿಟ್ಟರು. ಆ ಕಾಲದ ಒಂದು ಸಂಗತಿ ನನಗೆ ತುಂಬಾ ಇಷ್ಟ. ಬಲಗೈಯಲ್ಲಿ ಚಿತ್ರ ಬರೆದರೆ ತೀರಾ ಸಲೀಸಾಗಿ ಬಂದುಬಿಡುತ್ತದೆ, ಕೈ ಓಡಿದಷ್ಟು ಮನಸ್ಸು ಓಡುವುದಿಲ್ಲ ಅನ್ನಿಸಿ, ಬೇಕೆಂದೇ ಎಡಗೈಯಲ್ಲಿ ಬರೆಯತೊಡಗಿದರು.

1948ರಲ್ಲಿ ಪ್ಯಾರಿಸ್ಸಿಗೆ ಹೋಗಿ ಪ್ಲಾಸ್ಟರಿನಲ್ಲಿ, ಹಳೆಯ ಗ್ರೀಕ್ ಶಿಲ್ಪಗಳ ಗುಂಗಿನಲ್ಲಿ ಕೆಲಸ ಮಾಡಿದರು. ಆದರೆ ಗ್ರೀಸಿನ ಆ ಬಿಳಿ ಬೆಳಕು ತಮ್ಮ ಮೋಡ ಮುಸುಕಿದ ನಾಡಿನದಲ್ಲ ಅನ್ನಿಸಿತು. 1951ರಲ್ಲಿ ಊರ ಕಡೆ ಮರಳಿ, ಹೆರ್ನಾನಿ ಎಂಬಲ್ಲಿ ಕಮ್ಮಾರರೊಬ್ಬರ ಕುಲುಮೆಗೆ ಹೋಗಿ ಕಬ್ಬಿಣ ಬಡಿಯುವುದನ್ನು ಕಲಿತರು. ಅವರ ಮೊದಲ ಕಬ್ಬಿಣದ ಶಿಲ್ಪ 'ಇಲಾರಿಕ್' ಮೂಡಿದ್ದು ಅದೇ ವರ್ಷ. ಏಳೇ ವರ್ಷಕ್ಕೆ, 1958ರಲ್ಲಿ, ಇಟಲಿಯ ಹೆಸರಾಂತ ಕಲಾಮೇಳ ವೆನಿಸ್ ಬಿಯೆನಾಲೆಯಲ್ಲಿ ಶಿಲ್ಪಕಲೆಯ ದೊಡ್ಡ ಬಹುಮಾನ ಬಂತು.

ಮರದ ಕೆಲಸ ಬಂದದ್ದು ಆಮೇಲೆ, 1960ರ ಆಸುಪಾಸಿನಲ್ಲಿ. ಅದಕ್ಕೆ 'ಅಬೆಸ್ತಿ ಗೊಗೊರ್ರಾ' ಅಂತ ಹೆಸರಿಟ್ಟರು. ಬಾಸ್ಕ್ ಭಾಷೆಯಲ್ಲಿ ಒರಟು ಹಾಡು ಎಂದರ್ಥ. ದಪ್ಪ ದಪ್ಪ ದಿಮ್ಮಿಗಳು, ಹಳೆ ಮನೆಯ ತೊಲೆಗಳ ಹಾಗೆ, ಒಂದರೊಳಗೊಂದು ಕಚ್ಚಿಕೊಂಡು ನಿಂತಿವೆ. ಶಿಲ್ಪ ಅನ್ನುವುದಕ್ಕಿಂತ ಒಳ್ಳೆಯ ಬಡಗಿಯ ಕೂಡಿಕೆ ಅಂದರೆ ನನಗೆ ಹೆಚ್ಚು ಸರಿ ಕಾಣುತ್ತದೆ.

ಅವರ ಹೆಸರು ಹೇಳಿದರೆ ಎಲ್ಲರಿಗೂ ನೆನಪಾಗುವುದು 'ಗಾಳಿಯ ಬಾಚಣಿಗೆ'. ಆ ಹೆಸರಿನ ಮೊದಲ ಶಿಲ್ಪ ಮಾಡಿದ್ದು 1952ರಲ್ಲಿ. ಮಾಡುತ್ತಾ ಮಾಡುತ್ತಾ ಹದಿನೈದನೆಯದು 1970ರ ದಶಕದಲ್ಲಿ ಸಾನ್ ಸೆಬಾಸ್ಟಿಯನ್ ಕೊಲ್ಲಿಯ ತುದಿಯ ಬಂಡೆಗಳನ್ನು ಏರಿತು. ಒಂದೊಂದೂ ಸುಮಾರು 10 ಟನ್ ತೂಗುವ ಮೂರು ಉಕ್ಕಿನ ಪಂಜಗಳು. ಯಂತ್ರೋಪಕರಣ ಮೇಳಕ್ಕೆಂದು ಬಾಸ್ಕ್ ನಾಡಿನದೇ ಇನ್ನೊಂದು ನಗರ ಬಿಲ್ಬಾವೋಗೆ ಹೋದಾಗ ಒಂದು ದಿನ ಬಿಡುವು ಮಾಡಿಕೊಂಡು, ಇದನ್ನು ನೋಡಲು ಬಸ್ ಹತ್ತಿದ್ದೆ. ವಾಸ್ತುಶಿಲ್ಪಿ ಲೂಯಿಸ್ ಪೆನ್ಯಾ ಗಾಂಚೆಗಿ ಅಲ್ಲಿ ಕಲ್ಲುಹಾಸಿನ ಜಗಲಿ ಕಟ್ಟಿ, ನೆಲದಲ್ಲಿ ತೂತುಗಳನ್ನು ಬಿಟ್ಟಿದ್ದಾರೆ. ಕೆಳಗೆ ಅಲೆ ನುಗ್ಗಿದಾಗ ಆ ತೂತುಗಳಿಂದ ಗಾಳಿ ಬುಸ್ಸೆಂದು ಏಳುತ್ತದೆ. ಅದನ್ನು ಕೇಳಿದಾಗ ನನಗೆ ಅಪ್ಪನ ಕುಲುಮೆಯ ತಿದಿಯ ಸದ್ದೇ ಕೇಳಿದ ಹಾಗಾಯಿತು.

ಇನ್ನು ನಿಮ್ಮ ಪ್ರಶ್ನೆ, ಏನು ನೋಡಬೇಕು? ಬಾಗನ್ನು ನೋಡಿ. ಕುಳ ತಟ್ಟುವಾಗ ಅಪ್ಪ ಕಬ್ಬಿಣದ ಬಣ್ಣ ನೋಡುತ್ತಿದ್ದರು. ಕಡುಗೆಂಪಾದರೆ ಕಾಯುತ್ತಿದ್ದರು, ಹಳದಿಗೆ ತಿರುಗಿತೋ ಇಕ್ಕಳದಲ್ಲಿ ಎಳೆದು ಅಡಿಗಲ್ಲ ಮೇಲಿಡುತ್ತಿದ್ದರು. ಬಗ್ಗಲು ಕಬ್ಬಿಣ ಒಪ್ಪುವುದು ಅಷ್ಟೇ ಹೊತ್ತು. ಚಿಲಿಡಾ ಅಚ್ಚಿಗೆ ಲೋಹ ಸುರಿದು ಒಂದೇ ಶಿಲ್ಪದ ಹತ್ತು ಪ್ರತಿ ತೆಗೆದವರಲ್ಲ. ಕಬ್ಬಿಣವನ್ನು ಕಾಯಿಸಿ ಬಗ್ಗಿಸಿದರು, ಒಂದರ ಹಾಗೆ ಇನ್ನೊಂದಿಲ್ಲ. ದೊಡ್ಡ ಕೆಲಸಗಳಿಗೆ ಉಕ್ಕಿನ ಕಾರ್ಖಾನೆಯ ಕುಲುಮೆ, ಕ್ರೇನು, ಕಾರ್ಮಿಕರೆಲ್ಲ ಬೇಕಾಯಿತು. ಬಾಗು ಕಂಡಮೇಲೆ, ಆ ತೋಳುಗಳು ಹಿಡಿದಿಟ್ಟಿರುವ ಖಾಲಿ ಜಾಗವನ್ನು ನೋಡಿ. ಅವರಿಗೆ ಕಬ್ಬಿಣದಷ್ಟೇ ಮುಖ್ಯವಾಗಿದ್ದದ್ದು ಅದು.

ಸಾಧ್ಯವಾದರೆ ಹೆರ್ನಾನಿಯ 'ಚಿಲಿಡಾ ಲೆಕು'ಗೆ ಹೋಗಿ. ಹದಿನಾರನೆಯ ಶತಮಾನದ ತೋಟದ ಮನೆ, ಸುತ್ತ ಹುಲ್ಲಿನ ಮೇಲೆ ಅವರ ಶಿಲ್ಪಗಳು. ಅವರಿದ್ದಾಗಲೇ, 2000ದಲ್ಲಿ, ಅದರ ಬಾಗಿಲು ತೆರೆಯಿತು. ಎರಡು ವರ್ಷಕ್ಕೆ ಅವರು ತೀರಿಕೊಂಡರು. ನಾನು ಅಲ್ಲಿ ಒಂದು ಉಕ್ಕಿನ ಶಿಲ್ಪದ ಬಾಗಿನ ಮೇಲೆ ಅಂಗೈ ಇಟ್ಟು ನಿಂತಿದ್ದೆ. ಬಿಸಿಲಿಗೆ ಬೆಚ್ಚಗಿತ್ತು.

ಆ ರಾತ್ರಿ ಅಪ್ಪನಿಗೆ ಫೋಟೋ ಕಳಿಸಿದೆ. ಇದೇನು, ಇದರ ಅರ್ಥವೇನು ಅಂತ ಅವರು ಕೇಳಲೇ ಇಲ್ಲ. ದೊಡ್ಡದು ಮಾಡಿ ನೋಡಿರಬೇಕು, ಸ್ವಲ್ಪ ಹೊತ್ತಿನ ಮೇಲೆ ಫೋನ್ ಬಂತು. "ಅಷ್ಟು ದಪ್ಪದ್ದು ಬಗ್ಗಬೇಕಾದ್ರೆ ಎಷ್ಟು ಜನ ಹಿಡ್ಕೊಂಡಿದ್ರಂತೆ ಕಣಪ್ಪಾ?"